ದಾರಿಗೆ ಸುರಿದ ಚರಟ

ಆ ಚರಟವನ್ನು ಹಂದಿಗೂಡಿನ ಹಿಂದೆ ಹೂತುಬಿಟ್ಟಿದ್ದರೆ ಆ ದಿನ ಏನೂ ಆಗುತ್ತಿರಲಿಲ್ಲ. ಮಾವ್‌ಲಿನ್ ಹೇಳಿದ್ದೂ ಅದನ್ನೇ. ಆದರೆ ಮಗಳ ಮದುವೆಯನ್ನೂ ಮಾಡಿ ಮುಗಿಸಿದ ಗಂಡಸಿನ ಮಾತು ಅವನ ಮನೆಯಲ್ಲಿ ಎಷ್ಟು ನಡೆದೀತು?

"ಹೂತ್ರೆ ನೋವು ನಮ್ಮ ಅಂಗಳದಲ್ಲೇ ಬೇರು ಬಿಡುತ್ತೆ," ಎಂದಳು ಹೆಂಡತಿ ಲಾನ್‌ಯಿಂಗ್, ಮದ್ದಿನ ಮಡಕೆಯನ್ನು ಒಲೆಯಿಂದ ಇಳಿಸುತ್ತ. "ಕಷಾಯದ ಚರಟ ದಾರಿಗೇ ಸುರೀಬೇಕು. ನಾಲ್ಕು ಜನ ತುಳೀಬೇಕು. ತುಳಿದೋರ ಕಾಲಿಗೆ ಅಂಟ್ಕೊಂಡು ನೋವು ಊರಾಚೆ ಹೋಗ್ಬೇಕು. ನಮ್ಮಪ್ಪ ಹಾಗೇ ಮಾಡ್ತಿದ್ದ."

"ನಿಮ್ಮಪ್ಪ ಸಾಯೋತನಕ ಬಗ್ಗಿಕೊಂಡೇ ಓಡಾಡ್ತಿದ್ದ."

"ಯಾರೂ ಸರಿಯಾಗಿ ತುಳೀಲಿಲ್ಲ, ಅದಕ್ಕೆ. ನಾನು ಹೇಳಿದ ಕಡೆ ಸುರಿ. ಹಂದಿಗೂಡಿನ ಹತ್ರ ಹಾಕಿದ್ರೆ ಹಂದಿಗೆ ಸೊಂಟನೋವು ಬರುತ್ತೆ."

"ಬಂದ್ರೆ ಬರ್ಲಿ ಬಿಡೇ. ಅದೇನು ಇವತ್ತು ದೋಣಿ ನಡೆಸ್ಬೇಕಾ?"

ಅವತ್ತು ಐದನೇ ತಿಂಗಳ ಐದನೇ ದಿನ. ಮಧ್ಯಾಹ್ನ ಯುವಾನ್ ನದಿಯಲ್ಲಿ ಡ್ರ್ಯಾಗನ್ ದೋಣಿಗಳ ಪಂದ್ಯ. ಕೆಳ ಶಾತಾನ್ ಊರಿನ ದೋಣಿಗೆ ಚುಕ್ಕಾಣಿ ಹಿಡಿಯುವವನು ಮಾವ್‌ಲಿನ್. ಅವನಿಗೆ ಊರಿನಲ್ಲಿ ಬೇರೆ ಹೆಚ್ಚುಗಾರಿಕೆಯೇನೂ ಇರಲಿಲ್ಲ. ಗದ್ದೆ ಎಲ್ಲರ ಗದ್ದೆಯಂತೆಯೇ; ಮನೆ ಎಲ್ಲರ ಮನೆಗಿಂತ ತುಸು ಹೆಚ್ಚು ವಾಲಿದ್ದು; ಮಾತು ಆಡುವುದಕ್ಕೆ ಬಾಯಿ ತೆರೆದರೆ ಅಷ್ಟರಲ್ಲಿ ಬೇರೆ ಯಾರೋ ಆಡಿ ಮುಗಿಸಿರುತ್ತಿದ್ದರು. ಆದರೆ ವರ್ಷದಲ್ಲಿ ಒಂದು ಮಧ್ಯಾಹ್ನ, ಕೆಂಪು ನಡುಪಟ್ಟಿ ಕಟ್ಟಿಕೊಂಡು ದೋಣಿಯ ಹಿಂದಲೆಯಲ್ಲಿ ಉದ್ದನೆಯ ಹುಟ್ಟು ಹಿಡಿದು ಅವನು ನಿಂತರೆ, ದಡದ ಮೇಲೆ ಊರಿಗೆ ಊರೇ ಅವನ ಹೆಸರು ಕೂಗುತ್ತಿತ್ತು. ಆ ಮಧ್ಯಾಹ್ನಕ್ಕಾಗಿಯೇ ಅವನು ಉಳಿದ ದಿನಗಳನ್ನೆಲ್ಲ ಹೇಗೋ ನೂಕುತ್ತಿದ್ದ.

ಈ ಸಲ ನಾಟಿಯ ಹೊತ್ತಿಗೆ, ಮೊಣಕಾಲುದ್ದದ ತಣ್ಣನೆಯ ನೀರಿನಲ್ಲಿ ಸಸಿಯ ಕಟ್ಟನ್ನು ಎತ್ತಲು ಬಗ್ಗಿದವನ ಸೊಂಟ ಹಾಗೇ ಹಿಡಿದುಕೊಂಡಿತು. ಹಿಡಿದದ್ದು ಬಿಡಲಿಲ್ಲ. ಬೆಳಗ್ಗೆ ಏಳುವಾಗ ಅವನ ಬೆನ್ನು ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ದೋಣಿಯ ಯಜಮಾನ ಮೂರನೇ ಅಜ್ಜ, ಹೆಸರಿಗೆ ಒಂದು ಮನೆತನದ ಅಜ್ಜನಾದರೂ ಇಡೀ ಊರನ್ನು ಹದ್ದುಬಸ್ತಿನಲ್ಲಿಟ್ಟವನು. ಸೊಂಟ ಗಟ್ಟಿಯಿಲ್ಲದವನ ಕೈಗೆ ಚುಕ್ಕಾಣಿ ಕೊಡುವ ಜಾತಿಯವನಲ್ಲ. ಸುದ್ದಿ ತಿಳಿದರೆ ಚುಕ್ಕಾಣಿ ನೇರ ಬಾವ್‌ಶಾನನ ಕೈಗೆ.

ಬಾವ್‌ಶಾನ್ ಲಾನ್‌ಯಿಂಗಳ ತಮ್ಮ. ದೋಣಿಯ ಮುಂದಲೆಯಲ್ಲಿ ಕೂತು ಹುಟ್ಟು ಹಾಕುವವನು. ಅವನ ಲಯ ನೋಡಿಕೊಂಡೇ ಹಿಂದಿನವರೆಲ್ಲ ಹುಟ್ಟು ಹಾಕಬೇಕು. ಅಷ್ಟು ಸಾಲದೆಂದು ಅವನಿಗೆ ಚುಕ್ಕಾಣಿಯ ಮೇಲೆ ಕಣ್ಣು. ಈಚೆಗಂತೂ ಎದೆ ಮುಂದೆ ಮಾಡಿ, ಸೊಂಟದ ಮೇಲೆ ಕೈಯಿಟ್ಟು, ನೆಟ್ಟ ಗೂಟದಂತೆ ನಡೆಯುತ್ತಿದ್ದ. ಟೋಪಿ ಕೆಳಗೆ ಬಿದ್ದರೆ ಬಗ್ಗಿ ಎತ್ತುತ್ತಿರಲಿಲ್ಲ; ಯಾರಾದರೂ ಎತ್ತಿಕೊಡಲಿ ಎಂದು ಸುಮ್ಮನೆ ನಿಲ್ಲುತ್ತಿದ್ದ. ಚುಕ್ಕಾಣಿ ಸಿಗುವ ಮೊದಲೇ ಈ ಸೊಕ್ಕಾದರೆ ಸಿಕ್ಕ ಮೇಲೆ ಹೇಗಿರಬೇಡ ಎಂದು ಮಾವ್‌ಲಿನ್ ಒಳಗೊಳಗೇ ಕುದಿಯುತ್ತಿದ್ದ.

ಅದಕ್ಕೇ ಅವನು ಯಾರಿಗೂ ಕಾಣದಂತೆ ಪಂಡಿತ ಕ್ವಾನ್‌ನ ಅಂಗಡಿಗೆ ಹಿಂಬಾಗಿಲಿಂದ ಹೋದದ್ದು. ಪಂಡಿತ ನಾಡಿ ಹಿಡಿದು, ನಾಲಿಗೆ ನೋಡಿ, "ಗಾಳಿ, ತಂಡಿ, ತೇವ, ಮೂರೂ ನಿನ್ನ ಸೊಂಟದಲ್ಲಿ ಬಿಡಾರ ಹೂಡಿವೆ" ಎಂದ. ಆಮೇಲೆ ಡ್ರಾಯರುಗಳನ್ನು ಎಳೆದೆಳೆದು, ದೂಝೋಂಗ್ ಮರದ ತೊಗಟೆ, ಹಿಪ್ಪುನೇರಳೆ ಮರಕ್ಕೆ ಹತ್ತಿದ ಬಂದಳಿಕೆ, ಎತ್ತಿನ ಮಂಡಿಯಂತೆ ಗಂಟುಗಂಟಾದ ಒಂದು ಬೇರು, ದಾಲ್ಚಿನ್ನಿ, ಇನ್ನೂ ಏನೇನೋ ತೂಗಿ ಕಟ್ಟಿಕೊಟ್ಟ. ಅವನ ಅಜ್ಜನ ಕಾಲಕ್ಕೂ ಹಳೆಯ ಮದ್ದಿನ ಕಟ್ಟು ಅದು. "ಕೊನೇ ಪೊಟ್ಟಣ ಪಂದ್ಯದ ಬೆಳಗ್ಗೆ. ಎರಡು ಸಲ ಕುದಿಸು. ಒಂದು ಬಟ್ಟಲು ಎದ್ದ ಕೂಡಲೆ, ಇನ್ನೊಂದು ದೋಣಿ ಹತ್ತೋ ಮುಂಚೆ. ಆ ಎರಡನೇದೇ ಮುಖ್ಯ, ಮರೀಬೇಡ."

"ಪಂಡಿತರೇ, ಯಾರಿಗೂ..."

"ನನ್ನ ಬಾಯಿ ಹೊಲಿದಿಟ್ಟಿದ್ದು ಅಂತ ತಿಳ್ಕೊ," ಎಂದು ಪಂಡಿತ ಯಾಕೋ ನಿಟ್ಟುಸಿರು ಬಿಟ್ಟಿದ್ದ.

ಹೀಗೆ ಎರಡು ಕುದಿ ಮುಗಿದು, ಒಂದು ಬಟ್ಟಲು ಹೊಟ್ಟೆಗೆ ಹೋಗಿ, ಇನ್ನೊಂದು ಅಡಿಗೆಮನೆಯ ಗೂಡಿನಲ್ಲಿ ತಟ್ಟೆ ಮುಚ್ಚಿಕೊಂಡು ಕೂತ ಮೇಲೆ, ಮಾವ್‌ಲಿನ್ ಚರಟದ ಮಡಕೆಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಮೂರು ದಾರಿ ಕೂಡುವ ಕಡೆಗೆ ಹೊರಟ. ನದಿಯ ಮೇಲಿಂದ ಮಂಜು ಇನ್ನೂ ಸರಿದಿರಲಿಲ್ಲ. ಬಾವ್‌ಶಾನನ ಬಾಗಿಲಿಗೆ ಹತ್ತಿರವಾಗುವ ಹಾಗೆ ಸುರಿದರೆ ಮೊದಲ ತುಳಿತ ಅವನದೇ ಆದೀತು ಎಂಬ ಸಣ್ಣ ಆಸೆಯೂ ಇತ್ತು. ಮಡಕೆ ಬೋರಲು ಹಾಕಿದ. ಕಪ್ಪು ಮುದ್ದೆ ಹಬೆಯಾಡುತ್ತ ನೆಲಕ್ಕೆ ಬಿತ್ತು. ತಲೆಯೆತ್ತಿದರೆ ಎದುರಿಗೆ ಆರನೇ ಅಜ್ಜಿ.

ಆರನೇ ಅಜ್ಜಿ ಅರ್ಧ ಊರಿಗೆ ಹೆರಿಗೆ ಮಾಡಿಸಿದವಳು. ಉಳಿದರ್ಧಕ್ಕೆ ಹೆಣ್ಣು ಹುಡುಕಿದವಳು. ಬಾಗಿಲಿಗೆ ಕಟ್ಟಲು ಮಾಚಿಪತ್ರೆ, ಬಜೆ ಎಲೆ ಕೊಯ್ದುಕೊಂಡು ಬರುತ್ತಿದ್ದಳು. ಹೊರೆ ಕೆಳಗಿಟ್ಟು ಕುಕ್ಕರುಗಾಲಲ್ಲಿ ಕೂತು, ಕಡ್ಡಿಯಿಂದ ಚರಟ ಕೆದಕಿದಳು. ಒಂದು ತುಂಡು ತೊಗಟೆ ಎತ್ತಿ ಮುರಿದಳು. ಎರಡು ಚೂರುಗಳ ನಡುವೆ ಬೆಳ್ಳನೆಯ ರೇಷ್ಮೆಯಂಥ ಎಳೆಗಳು ಜಗ್ಗಿದವು.

"ದೂಝೋಂಗ್," ಎಂದಳು. ಇನ್ನಷ್ಟು ಕೆದಕಿದಳು. "ಹಿಪ್ಪುನೇರಳೆ ಬಂದಳಿಕೆ." ನಿಧಾನವಾಗಿ ಕತ್ತೆತ್ತಿ ನೋಡಿದ ಅವಳ ಮುಖ ಹಬ್ಬದ ಲಾಂದ್ರದ ಹಾಗೆ ಹೊತ್ತಿಕೊಂಡಿತ್ತು. "ಯಾವಾಗಿಂದ್ಲೋ, ಕಳ್ಳ?"

ಮುಚ್ಚಿಡುವುದು ಇನ್ನು ಸಾಧ್ಯವಿಲ್ಲವೆಂದು ಮಾವ್‌ಲಿನ್‌ಗೆ ಅನಿಸಿತು.

"ನಾಟಿ ಟೈಮಲ್ಲಿ ಶುರುವಾಯ್ತು ಅಜ್ಜಿ."

"ನಾಟಿ ಟೈಮಲ್ಲಿ! ಅಷ್ಟು ಕೆಲಸದ ಮಧ್ಯೆ!"

"ಕೈಮುಗೀತೀನಿ ಅಜ್ಜಿ, ಯಾರಿಗೂ ಹೇಳ್ಬೇಡಿ. ಇವತ್ತೊಂದು ದಿನವಾದ್ರೂ."

"ಹೇಳ್ತೀನೇನೋ ನಾನು? ಮೂರು ತಿಂಗಳು ತುಂಬೋವರೆಗೆ ಉಸಿರೆತ್ತಬಾರದು ಅಂತ ನನಗೆ ನೀನು ಹೇಳಿಕೊಡ್ತೀಯಾ?" ಎಂದು ಅವನ ಬೆನ್ನ ಮೇಲೆ ಪ್ರೀತಿಯಿಂದ ಒಂದು ಗುದ್ದು ಕೊಟ್ಟಳು. ಅವನ ಕಣ್ಣಲ್ಲಿ ನೀರು ಬಂತು. "ಅಳ್ತಾನೆ ನೋಡು, ಪಾಪ. ಸಂತೋಷಕ್ಕೆ!" ಎಂದುಕೊಳ್ಳುತ್ತ ಅಜ್ಜಿ ಹೊರೆಯನ್ನೂ ಮರೆತು ಹೊರಟಳು.

ಮೂರು ತಿಂಗಳು ಎಂದಳಲ್ಲ, ಅದು ಯಾತಕ್ಕೆ ಎಂದು ಮಾವ್‌ಲಿನ್ ಮನೆಯವರೆಗೂ ಯೋಚಿಸಿದ. ಉತ್ತರ ಅವನಿಗಿಂತ ಮೊದಲೇ ಮನೆ ತಲುಪಿತ್ತು.

ಪಕ್ಕದ ಮನೆಯ ದಪ್ಪ ಹೆಂಗಸು, ಎಲ್ಲರೂ ಝೆಂಗ್ ಅತ್ತಿಗೆ ಎನ್ನುವವಳು, ಅಂಗಳದಲ್ಲಿ ನಿಂತು ಲಾನ್‌ಯಿಂಗಳ ಕೈಯಿಂದ ನೀರಿನ ಕೊಡ ಕಿತ್ತುಕೊಳ್ಳುತ್ತಿದ್ದಳು.

"ಬಿಡೇ ಅದನ್ನ! ಈ ಸ್ಥಿತೀಲಿ ನೀರು ಹೊರ್ತೀಯಾ? ಬುದ್ಧಿ ಇದೆಯಾ ನಿನಗೆ?"

"ಯಾವ ಸ್ಥಿತಿ?"

"ಅಯ್ಯೋ, ನಾಚಿಕೆ ನೋಡು! ತೊಗಟೆ, ಬಂದಳಿಕೆ, ಗರ್ಭ ನಿಲ್ಲಿಸೋಕೆ ನನ್ನ ಸೊಸೆಗೂ ಪಂಡಿತ ಇದನ್ನೇ ಕೊಟ್ಟಿದ್ದು. ನಿನ್ನ ಮಗಳಿಗೆ ಹೆರಿಗೆ ಆಗೋ ವಯಸ್ಸಲ್ಲಿ ನಿನಗೇ! ನಾನಂತೂ ಯಾರಿಗೂ ಹೇಳಿಲ್ಲಮ್ಮ, ಮೂರು ಮನೆಗೆ ಬಿಟ್ಟು."

ಲಾನ್‌ಯಿಂಗ್ ಬಾಯಿ ತೆರೆದಳು. ಮಾವ್‌ಲಿನ್ ಬೇಲಿಯಾಚೆಯಿಂದ ಕೈ ಆಡಿಸಿದ, ಕಣ್ಣು ಮಿಟುಕಿಸಿದ, ಕತ್ತು ಅಲ್ಲಾಡಿಸಿದ. ಇಪ್ಪತ್ತೈದು ವರ್ಷ ಒಟ್ಟಿಗೆ ಉಂಡ ಹೆಂಗಸಿಗೆ ಅರ್ಥವಾಗದೆ ಇರುತ್ತದೆಯೇ? ಮದ್ದು ತನ್ನದಲ್ಲವೆಂದರೆ ಇವನದು. ಇವನದು ಎಂದರೆ ಚುಕ್ಕಾಣಿ ಹೋಯಿತು. ಅವಳು ತೆರೆದ ಬಾಯನ್ನು ಮುಚ್ಚಿ, ಒಂದು ಕೈಯನ್ನು ಮೆಲ್ಲಗೆ ಹೊಟ್ಟೆಯ ಮೇಲಿಟ್ಟುಕೊಂಡಳು.

"ಸ್ವಲ್ಪ ತಲೆ ಸುತ್ತುತ್ತೆ," ಎಂದಳು.

ಕೂಡಲೆ ಬಿದಿರಿನ ಕುರ್ಚಿ ಬಂತು. ಬೀಸಣಿಗೆ ಬಂತು. ಒಬ್ಬಳು ಮೊಟ್ಟೆ ತಂದಳು, ಒಬ್ಬಳು ಕೆಂಪು ಬೆಲ್ಲ ತಂದಳು, ಇನ್ನೊಬ್ಬಳು ಕಾಲು ಕಟ್ಟಿದ ಕೋಳಿಯನ್ನೇ ತಂದಳು. ಲಾನ್‌ಯಿಂಗ್ ಮದುವೆಯಾಗಿ ಬಂದ ಮೇಲೆ ಆ ಅಂಗಳದಲ್ಲಿ ಬೆಳಗಿನ ಹೊತ್ತು ಕೂತದ್ದು ಅದೇ ಮೊದಲು. ಕೂತ ಸುಖ ಅವಳ ಮುಖದ ಮೇಲೆ ಬೆಣ್ಣೆಯಂತೆ ಹರಡಿತು.

"ಮಾವ್‌ಲಿನ್, ನೋಡ್ತಾ ನಿಂತಿದ್ದೀಯಲ್ಲ, ನೀರು ತಾ!" ಎಂದಳು ಝೆಂಗ್ ಅತ್ತಿಗೆ.

ಅವನು ಅಡ್ಡೆ ಹೊತ್ತು ನೀರು ತಂದ. ಹಂಡೆ ತುಂಬಿತು. "ಹಬ್ಬದ ಕಡುಬಿನ ಪಾತ್ರೆ ಇಳಿಸು, ಅವಳು ಮುಟ್ಟೋ ಹಾಗಿಲ್ಲ." ಬಿದಿರೆಲೆಯ ಕಡುಬುಗಳು ತುಂಬಿದ ಪಾತ್ರೆ ಇಳಿಸಿದ. "ಅಕ್ಕಿ ಮೂಟೆ ಇಲ್ಯಾಕಿದೆ? ಎಡವಿದ್ರೆ ಗತಿಯೇನು?" ಮೂಟೆ ಎತ್ತಿದ. ಒಂದೊಂದು ಸಲ ಬಗ್ಗಿದಾಗಲೂ ಅವನ ಬೆನ್ನೊಳಗೆ ಯಾರೋ ಒಣಕಟ್ಟಿಗೆ ಮುರಿಯುತ್ತಿದ್ದಂತೆ ಆಗುತ್ತಿತ್ತು. ಆದರೂ ಹೆಂಗಸರ ಎದುರು ಹಲ್ಲು ಕಿರಿದು ನಗುತ್ತಿದ್ದ.

"ನೋಡ್ರೇ, ಎಷ್ಟು ಖುಷಿ ಅವನಿಗೆ. ಬಾಯಿ ಮುಚ್ತಾನೇ ಇಲ್ಲ."

"ಮಂಚ ಈ ಕಡೆ ತಿರುಗಿಸಿದ್ರೆ ಗಾಳಿ ಬರುತ್ತೆ," ಎಂದಳು ಒಬ್ಬಳು.

"ಥೂ, ಬಿಡ್ತು ಅನ್ನು! ಬಸುರಿ ಮನೇಲಿ ಮಂಚ ಅಲ್ಲಾಡಿಸಬಾರದು. ಕೂಸನ್ನ ಕಾಯೋ ದೇವರು ಮಂಚದ ಕೆಳಗೇ ಇರ್ತಾನೆ."

ಆ ದೇವರಿಗೆ ಮಾವ್‌ಲಿನ್ ಮನಸ್ಸಿನಲ್ಲೇ ಊದುಬತ್ತಿ ಹಚ್ಚಿದ.

"ಅದ್ರ ಬದ್ಲು ಬೀಸೋ ಕಲ್ಲನ್ನ ಆಚೆ ಇಡ್ಲಿ," ಎಂದಳು ಲಾನ್‌ಯಿಂಗ್, ಬೀಸಣಿಗೆ ಬೀಸಿಕೊಳ್ಳುತ್ತ. "ನನಗೆ ಅದನ್ನ ನೋಡಿದ್ರೇ ಸುಸ್ತಾಗುತ್ತೆ."

ಗಂಡ ಅವಳನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು. ಅವಳು ಇನ್ನೊಂದು ಮೊಟ್ಟೆ ಸುಲಿದಳು.

ಆದರೂ, ಗುಟ್ಟು ಉಳಿಯಿತಲ್ಲ ಎಂದು ಅವನು ಸಮಾಧಾನ ಮಾಡಿಕೊಂಡ. ಎರಡನೇ ಬಟ್ಟಲು ಕುಡಿದು ದೋಣಿ ಹತ್ತಿದರೆ ಮುಗಿಯಿತು. ಹಾಗೆಂದುಕೊಳ್ಳುವಷ್ಟರಲ್ಲಿ ಬೇಲಿಯ ಬಾಗಿಲಲ್ಲಿ ಮೂರನೇ ಅಜ್ಜನ ಕೋಲು ಕೇಳಿಸಿತು. ಅಜ್ಜನ ಹಿಂದೆ ದೋಣಿಯ ಹುಡುಗರು. ಅವರ ನಡುವೆ, ಎದೆ ಮುಂದೆ ಮಾಡಿ, ಸೊಂಟದ ಮೇಲೆ ಕೈಯಿಟ್ಟು, ಬಾವ್‌ಶಾನ್. ಅವನ ನಡುವಿನಲ್ಲಿ ಚುಕ್ಕಾಣಿಗಾರನ ಕೆಂಪು ಪಟ್ಟಿ.

"ಒಳ್ಳೇ ಸುದ್ದಿ ಕೇಳಿದೆ," ಎಂದ ಮೂರನೇ ಅಜ್ಜ. "ಸಂತೋಷ. ಆದ್ರೆ ಪದ್ಧತಿ ಪದ್ಧತೀನೇ. ಹೆಂಡತಿ ಬಸುರಿ ಇದ್ದೋನು ಡ್ರ್ಯಾಗನ್ ದೋಣಿ ಮುಟ್ಟಬಾರದು. ದೋಣಿಗೂ ಒಳ್ಳೇದಲ್ಲ, ಕೂಸಿಗೂ ಒಳ್ಳೇದಲ್ಲ. ಈ ವರ್ಷ ನೀನು ದಡದ ಮೇಲೆ ನಿಂತು ಕೂಗು. ಚುಕ್ಕಾಣಿ ಬಾವ್‌ಶಾನ್ ಹಿಡೀತಾನೆ."

"ಬೇಜಾರ್ ಮಾಡ್ಕೋಬೇಡಿ ಭಾವ," ಎಂದ ಬಾವ್‌ಶಾನ್. "ಅಕ್ಕ, ಈ ವಯಸ್ಸಲ್ಲಿ! ನನಗಂತೂ ಕಣ್ಣಲ್ಲಿ ನೀರು ಬಂತು." ಹೇಳಿದನೇ ಹೊರತು ಅಕ್ಕನ ಕಡೆ ಬಗ್ಗಲಿಲ್ಲ.

ಈ ಪದ್ಧತಿ ಮಾವ್‌ಲಿನ್‌ಗೆ ಗೊತ್ತಿತ್ತು. ಬಸುರಿಲ್ಲದ ಮನೆಯವನಾದ್ದರಿಂದ ನೆನಪಾಗಿರಲಿಲ್ಲ ಅಷ್ಟೆ. ಹೆಂಡತಿ ಬಸುರಿ ಎಂದರೂ ಚುಕ್ಕಾಣಿ ಹೋಯಿತು. ತನ್ನ ಸೊಂಟ ಎಂದರೂ ಹೋಯಿತು. ಅಂಗಳದ ತುಂಬ ಜನ ಅವನ ಬಾಯನ್ನೇ ನೋಡುತ್ತಿದ್ದರು. ದೂರದಲ್ಲಿ, ನದಿಯ ಕಡೆಯಿಂದ, ಯಾರೋ ನಗಾರಿ ಹದ ನೋಡುತ್ತಿದ್ದ ಸದ್ದು.

"ಅವಳು ಬಸುರಿಯಲ್ಲ," ಎಂದ.

ಬೀಸಣಿಗೆಗಳು ನಿಂತವು. ಲಾನ್‌ಯಿಂಗಳ ಬಾಯಲ್ಲಿ ಮೊಟ್ಟೆ ನಿಂತಿತು.

"ಅಲ್ವಾ?" ಆರನೇ ಅಜ್ಜಿ ಮುಂದೆ ಬಂದಳು. "ಹಾಗಾದ್ರೆ ಆ ಮದ್ದು ಯಾರದೋ? ಹೇಳು. ತೊಗಟೆ ನಾನು ಕೈಯಾರೆ ಮುರಿದೀನಿ. ಈ ಮನೇಲಿ ಇರೋರೇ ಇಬ್ಬರು. ಅವಳದಲ್ಲ ಅಂದ್ರೆ..."

ಮೂರನೇ ಅಜ್ಜನ ಕಣ್ಣು ಕಿರಿದಾಗಿ ಮಾವ್‌ಲಿನ್‌ನ ಸೊಂಟದ ಮೇಲೆ ಇಳಿಯಿತು. ಆಗಲೇ ಮನೆಯ ಹಿಂದಿನಿಂದ, ಬೆಳಗಿನ ಮೇವು ಇನ್ನೂ ಸಿಗದವಳ ಗುರುಗುಟ್ಟುವಿಕೆ ಕೇಳಿಸಿದ್ದು.

"ಹಂದಿದು," ಎಂದ ಮಾವ್‌ಲಿನ್.

"ಏನು?"

"ಮದ್ದು ಹಂದಿಗೆ. ನಮ್ಮ ಹೆಣ್ಣುಹಂದಿ ಗಬ್ಬ ಆಗಿದೆ. ಮೊನ್ನೆ ಕೆಸರಲ್ಲಿ ಜಾರಿ ಬಿತ್ತು. ಗಬ್ಬ ಇಳಿದುಹೋಗುತ್ತೇನೋ ಅಂತ ಹೆದರಿ ಮದ್ದು ಕುದಿಸಿದೆ."

ಎಲ್ಲರೂ ಗೂಡಿನ ಕಡೆ ಹೊರಟರು. ಹಂದಿ ಗೂಡಿನ ಬಾಗಿಲಿಗೆ ಮೂತಿಯಿಟ್ಟು ಇಷ್ಟು ಜನ ಯಾಕೆ ಬಂದರೆಂದು ನೋಡಿತು. ಅದು ಗಬ್ಬವಾಗಿರಲಿಲ್ಲ, ಹೊಟ್ಟೆಬಾಕ ಅಷ್ಟೆ. ಆದರೆ ಆ ಗಾತ್ರದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ.

"ನೋಡಿ ಮತ್ತೆ!" ಎಂದಳು ಆರನೇ ಅಜ್ಜಿ, ಒಂದು ಕ್ಷಣವೂ ತಡವರಿಸದೆ. "ಈ ಮನೇಲಿ ಬಸುರಿದೆ ಅಂದಿದ್ದೆ. ಯಾರು ಅಂತ ನಾನೆಲ್ಲಿ ಹೇಳಿದ್ದೆ?"

"ನಾಟಿ ಟೈಮಲ್ಲಿ ಶುರುವಾಯ್ತು ಅಂತ ಅತ್ತನಂತೆ!" ಎಂದು ಯಾರೋ ಹಿಂದಿನಿಂದ ಕೂಗಿದರು. ನಗು ಸಿಡಿಯಿತು.

ಮೂರನೇ ಅಜ್ಜ ಮಾತ್ರ ನಗಲಿಲ್ಲ. ಗಡ್ಡ ನೀವಿಕೊಂಡು ಬಹಳ ಹೊತ್ತು ಯೋಚಿಸಿದ. "ಹೆಂಡತಿ ಬಸುರಿ ಇದ್ರೆ ದೋಣಿ ಹತ್ತಬಾರದು. ಹಂದಿ ಬಗ್ಗೆ ಹಿರಿಯರು ಏನೂ ಹೇಳಿಲ್ಲ."

"ಹೇಳಿಲ್ಲ ಅಂದ್ರೆ ಹಂದೀನೂ ಮನೆಯವಳೇ ತಾನೆ?" ಎಂದ ಬಾವ್‌ಶಾನ್, ಪಟ್ಟಿಯನ್ನು ಭದ್ರವಾಗಿ ಹಿಡಿದುಕೊಂಡು.

"ಏನೋ ಅಂದೆ?" ಎಂದು ಲಾನ್‌ಯಿಂಗ್ ಕುರ್ಚಿಯಿಂದ ಎದ್ದಳು. "ನನಗೂ ಹಂದಿಗೂ ಒಂದೇ ಲೆಕ್ಕ ಹಾಕ್ತೀಯೇನೋ, ಒಡಹುಟ್ಟಿದೋನೇ?"

"ಹಾಗಲ್ಲಕ್ಕ... ಸರಿ, ಪಂಡಿತರನ್ನೇ ಕೇಳೋಣ. ಹಂದಿಗೆ ಇಂಥ ಮದ್ದು ಕೊಡ್ತಾರಾ?"

ಹಬ್ಬಕ್ಕೆಂದು ನದಿಯ ಕಡೆ ಹೊರಟಿದ್ದ ಪಂಡಿತ ಕ್ವಾನ್‌ನನ್ನು ಎಳೆದು ತಂದರು. ಪಂಡಿತ ಮಾವ್‌ಲಿನ್‌ನನ್ನು ನೋಡಿದ, ಬಾವ್‌ಶಾನನನ್ನು ನೋಡಿದ, ಮತ್ತೆ ಮಾವ್‌ಲಿನ್‌ನನ್ನು ನೋಡಿದ. ಹಣೆಯ ಬೆವರು ಒರೆಸಿಕೊಂಡ.

"ಹಂದಿಗೂ ಸೊಂಟ ಇದೆಯಲ್ಲಪ್ಪ," ಎಂದ ಕೊನೆಗೆ. "ಕೊಡಬಾರದು ಅಂತೇನಿಲ್ಲ."

"ಹಾಗಾದ್ರೆ ನಮ್ಮೆದುರು ಕುಡೀಲಿ," ಎಂದ ಬಾವ್‌ಶಾನ್. "ಎರಡನೇ ಬಟ್ಟಲು ಉಳಿದಿರಬೇಕಲ್ಲ, ಭಾವ? ಈ ಮದ್ದು ಎರಡು ಸಲ ಕುದಿಸ್ತಾರೆ."

ಇವನಿಗೆ ಹೇಗೆ ಗೊತ್ತು ಎಂದು ಕೇಳಿಕೊಳ್ಳುವ ಸ್ಥಿತಿಯಲ್ಲಿ ಮಾವ್‌ಲಿನ್ ಇರಲಿಲ್ಲ. ಅಡಿಗೆಮನೆಗೆ ಹೋಗಿ ತಟ್ಟೆ ತೆಗೆದ. ಕಪ್ಪಗೆ, ಗಟ್ಟಿಯಾಗಿ, ದಾಲ್ಚಿನ್ನಿಯ ಘಮದೊಂದಿಗೆ ಕೂತಿತ್ತು ಅವನ ಮುಖ್ಯವಾದ ಬಟ್ಟಲು. ಒಂದು ಗುಟುಕಾದರೂ ಎಂದು ತುಟಿಗೆ ತಂದ. ಕಿಟಕಿಯಲ್ಲಿ ಝೆಂಗ್ ಅತ್ತಿಗೆಯ ಮುಖವಿತ್ತು. ಬಟ್ಟಲು ಹೊರಗೆ ಹೋಯಿತು. ಹಂದಿ ಒಂದೇ ಉಸಿರಿಗೆ ಕುಡಿದು, ಬಟ್ಟಲಿನ ತಳ ನೆಕ್ಕಿ, ಇನ್ನೂ ಇದೆಯೇ ಎಂಬಂತೆ ಅವನ ಮುಖ ನೋಡಿತು.

"ಪಟ್ಟಿ ಬಿಚ್ಚೋ," ಎಂದ ಮೂರನೇ ಅಜ್ಜ ಬಾವ್‌ಶಾನನಿಗೆ. ನಂತರ ಮೊಟ್ಟೆ ಬೆಲ್ಲ ತಂದ ಹೆಂಗಸರು ಅವನ್ನು ಹಿಂದಕ್ಕೆ ಒಯ್ಯುವುದೋ ಹಂದಿಗೆ ಹಾಕುವುದೋ ಎಂದು ಚರ್ಚೆಗೆ ಕೂತರು. ಬಿದಿರಿನ ಕುರ್ಚಿಯನ್ನು ಮಾತ್ರ ಕೂಡಲೆ ತೆಗೆದುಕೊಂಡು ಹೋದರು. ಲಾನ್‌ಯಿಂಗ್ ಕೊಡ ಎತ್ತಿಕೊಂಡಳು.

"ಅರ್ಧ ದಿನಾನಾದ್ರೂ ಬಸುರಿಯಾಗಿರೋಕೆ ಬಿಡಲಿಲ್ಲ," ಎಂದು ಗಂಡನ ಕಿವಿಯಲ್ಲಿ ಹೇಳಿ ಹೋದಳು.

ಮಧ್ಯಾಹ್ನ ನದಿಯ ಎರಡೂ ದಡ ಕಪ್ಪಗಾಗುವಷ್ಟು ಜನ. ಮೇಲು ಶಾತಾನ್‌ನವರ ಹಸಿರು ದೋಣಿ ಈಗಾಗಲೇ ಗೆರೆಯಲ್ಲಿ ನಿಂತಿತ್ತು. ಸತತವಾಗಿ ಗೆಲ್ಲುತ್ತ ಬಂದ ಊರು. ಅವರ ಹುಡುಗರು ಬಹುಮಾನವನ್ನು ಈಗಲೇ ಅಗಿಯುತ್ತಿರುವವರಂತೆ ನಗುತ್ತಿದ್ದರು. ಮಾವ್‌ಲಿನ್ ಹಲ್ಲು ಕಚ್ಚಿ ಹಿಂದಲೆಯ ಹಲಗೆ ಹತ್ತಿದ. ನಗಾರಿ ಬಿತ್ತು. ಹುಟ್ಟು ಒತ್ತಲು ಬಗ್ಗಿದ. ಅಷ್ಟೆ. ಸೊಂಟ ಬೀಗ ಹಾಕಿಕೊಂಡಿತು.

ಪ್ರತಿವರ್ಷ ಅವನು ಹಲಗೆಯ ಮೇಲೆ ಕುಣಿಯುತ್ತಿದ್ದ. ಎಡಕ್ಕೆ ತೂಗಿ, ಬಲಕ್ಕೆ ತೂಗಿ, ಕಾಲು ಅಪ್ಪಳಿಸಿ, ದಡದ ಹೆಂಗಸರ ಕಡೆ ಒಂದು ನೋಟ ಹಾಯಿಸಿ ಚುಕ್ಕಾಣಿ ಆಡಿಸುತ್ತಿದ್ದ. ದೋಣಿಯೂ ಅವನ ಜೊತೆ ಕುಣಿದು ಹಾವಿನ ಹಾಗೆ ಹರಿಯುತ್ತಿತ್ತು, ಸೋಲುತ್ತಿತ್ತು. ಈ ಸಲ ಅವನು ಸಿಗಡಿಯಂತೆ ಬಗ್ಗಿದವನು ಬಗ್ಗಿದಂತೆಯೇ ನಿಂತ. ತಿರುಗಲಾರ, ಏಳಲಾರ, ಕತ್ತೂ ಹೊರಳಿಸಲಾರ. ಕಂಕುಳಲ್ಲಿ ಸಿಕ್ಕಿಕೊಂಡ ಹುಟ್ಟು ನೆಟ್ಟ ಗೂಟವಾಯಿತು. ದೋಣಿ ದಾರ ಹಿಡಿದು ಎಳೆದ ಗೆರೆಯಂತೆ ನೇರ ಹೊರಟಿತು.

ಮುಂದಲೆಯಲ್ಲೂ ವಿಚಿತ್ರ ನಡೆದಿತ್ತು. ದೇಹ ಪೂರ್ತಿ ಬಗ್ಗಿಸಿ ಉದ್ದುದ್ದ ಹುಟ್ಟು ಹಾಕುತ್ತಿದ್ದ ಬಾವ್‌ಶಾನ್, ಈ ಸಲ ಬೆನ್ನು ನೆಟ್ಟಗಿಟ್ಟುಕೊಂಡು ಬರೀ ಮೊಣಕೈಯಲ್ಲಿ ಚುರುಕಾಗಿ, ಗಿಡ್ಡಗಿಡ್ಡ ಹುಟ್ಟು ಹಾಕುತ್ತಿದ್ದ. ಪಟ್ಟಿ ಕಳಕೊಂಡ ಕೋಪಕ್ಕೆ ಎಂದುಕೊಂಡ ಮಾವ್‌ಲಿನ್. ಹಿಂದಿನವರೆಲ್ಲ ಅದೇ ಲಯಕ್ಕೆ ಬಿದ್ದರು. ಬಾತುಕೋಳಿಯ ಕಾಲಿನ ಹಾಗೆ ಚಟಚಟನೆ ಆಡಿದವು ಹುಟ್ಟುಗಳು. ಮೇಲು ಶಾತಾನ್‌ನವರು ಚಂದವಾಗಿ ಬಗ್ಗಿ, ಚಂದವಾಗಿ ಎದ್ದು, ಚಂದವಾಗಿ ಹಿಂದುಳಿದರು.

"ಮಾವ್‌ಲಿನ್! ಮಾವ್‌ಲಿನ್!"

ದಡಕ್ಕೆ ದಡವೇ ಕೂಗುತ್ತಿತ್ತು. ಅವನಿಗೆ ಕಾಣುತ್ತಿದ್ದದ್ದು ತನ್ನ ಕಾಲ್ಬೆರಳು ಮಾತ್ರ. ಆದರೆ ಕೇಳುತ್ತಿತ್ತು. ಕೇಳಿದರೆ ಸಾಕಲ್ಲವೇ?

"ನೋಡಿ ಹೇಗೆ ಬಗ್ಗಿ ನಿಂತಿದ್ದಾನೆ," ಎಂದ ಮೂರನೇ ಅಜ್ಜ, ದೋಣಿ ದಡ ಮುಟ್ಟಿದಾಗ. "ಗೆದ್ದ ಮೇಲೂ ನದಿಗೆ ತಲೆಬಾಗಿದ್ದಾನೆ. ಇಷ್ಟು ವರ್ಷ ಕುಣಿದು ಸೋತ. ಈಗ ಮನುಷ್ಯನಾದ."

ಗೆದ್ದವರಿಗೆ ಇಡಿಯಾಗಿ ಸುಟ್ಟ ಹಂದಿ ಬಹುಮಾನ. ಅದನ್ನು ದಡದಿಂದ ಹಿರಿಯರ ಗುಡಿಯವರೆಗೆ ಚುಕ್ಕಾಣಿಗಾರ ಒಬ್ಬನೇ ಹೊರಬೇಕು, ನೆಲಕ್ಕೆ ತಾಗಿಸಬಾರದು. ಗೆದ್ದು ಎಷ್ಟು ಕಾಲವಾಗಿತ್ತೆಂದರೆ ಮಾವ್‌ಲಿನ್ ಇದನ್ನೂ ಮರೆತಿದ್ದ. ಬೇಡ ಎನ್ನುವುದರೊಳಗೆ, ಹೇಗೂ ಬಗ್ಗಿಯೇ ಇದ್ದ ಅವನ ಬೆನ್ನ ಮೇಲೆ ನಾಲ್ಕು ಜನ ಸೇರಿ ಆ ಹೊಳೆಯುವ ಹಂದಿಯನ್ನು ಧೊಪ್ಪೆಂದು ಇಟ್ಟರು.

ಟಕ್ ಎಂದಿತು.

ಹಂದಿಯ ಎಲುಬು ಎಂದುಕೊಂಡರು ಎಲ್ಲರೂ. ಮಾವ್‌ಲಿನ್‌ಗೆ ಗೊತ್ತಿತ್ತು. ನಾಟಿಯ ದಿನ ಹಿಡಿದದ್ದು ಆ ಏಟಿಗೆ ಬಿಟ್ಟಿತ್ತು. ಬೆನ್ನೊಳಗೆ ಬೆಚ್ಚನೆಯ ನೀರು ಹರಿದಂತೆ ನೋವು ಇಳಿದುಹೋಯಿತು. ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಹಂದಿ ಹತ್ತಿಯ ಮೂಟೆಯಷ್ಟು ಹಗುರವೆನಿಸಿತು. ಪಟಾಕಿ ಸಿಡಿದವು, ನಗಾರಿ ಮುಂದೆ ನಡೆಯಿತು, ಅವನ ಹೆಸರು ಮನೆಮನೆಯ ಗೋಡೆಗೆ ಬಡಿದು ವಾಪಸು ಬಂತು. ಲಾನ್‌ಯಿಂಗ್ ಕೂಡ ಕೂಗುತ್ತಿದ್ದಳು. ತನ್ನ ಬಾಳಿನಲ್ಲಿ ಇಂಥ ದಿನ ಇನ್ನೊಂದಿಲ್ಲ ಎಂದು ಅವನು ಹಂದಿಯ ಅಡಿಯಿಂದಲೇ ಗಟ್ಟಿಯಾಗಿ ನಕ್ಕ.

ಮೂರು ದಾರಿ ಕೂಡುವಲ್ಲಿ ಅವನ ಬಲಗಾಲು ಏನೋ ಮೆತ್ತಗಿನ, ಬೆಚ್ಚಗಿನ ಮುದ್ದೆಯೊಳಗೆ ಹೂತಿತು. ಸಾವರಿಸಿಕೊಳ್ಳಲು ಇಟ್ಟ ಎಡಗಾಲೂ ಅದರೊಳಗೇ ಹೋಯಿತು.

ನಗಾರಿ ನಿಂತಿತು.

"ಬೆಳಗಿನದಲ್ಲ ಇದು," ಎಂದಳು ಆರನೇ ಅಜ್ಜಿ, ಆಗಲೇ ಕುಕ್ಕರುಗಾಲಲ್ಲಿ ಕೂತು. "ಇನ್ನೂ ಹಬೆ ಆಡ್ತಿದೆ." ಕಡ್ಡಿ ಕೆದಕಿತು. ತೊಗಟೆ ಮುರಿಯಿತು. ಬಿಳಿ ಎಳೆಗಳು ಜಗ್ಗಿದವು. "ದೂಝೋಂಗ್. ಬಂದಳಿಕೆ."

ಚರಟದಿಂದ ತೊಟ್ಟು ತೊಟ್ಟಾಗಿ ಕಪ್ಪು ಹನಿಗ‍ಳ ಸಾಲು ದಾರಿಯುದ್ದಕ್ಕೂ ಹೋಗಿ ಬಾವ್‌ಶಾನನ ಹೊಸಿಲಲ್ಲಿ ಮುಗಿದಿತ್ತು. ಹೊಸಿಲಲ್ಲಿ ಬಾವ್‌ಶಾನನ ಹೆಂಡತಿ, ಊರೆಲ್ಲ ನದಿಗೆ ಹೋಗಿದೆ, ಗೆದ್ದರೆ ಊರೆಲ್ಲ ಇದೇ ದಾರಿಯಲ್ಲಿ ತುಳಿದು ಬರುತ್ತದೆ ಎಂದು ಲೆಕ್ಕ ಹಾಕಿದ್ದವಳು, ಮಡಕೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದಳು.

"ಬಾವ್‌ಶಾನ್," ಎಂದಳು ಅಜ್ಜಿ, ಲಾಂದ್ರದ ಮುಖ ಮಾಡಿಕೊಂಡು, "ನಿನ್ನವಳಿಗೆ ಎಷ್ಟು ತಿಂಗಳೋ?"

ಮೂರನೇ ಅಜ್ಜನ ಮುಖ ಕಪ್ಪಾಯಿತು. "ಬಸುರಿ ಹೆಂಡತೀನ ಮನೇಲಿಟ್ಕೊಂಡು ದೋಣಿ ಹತ್ತಿದ್ಯೇನೋ?"

ಮಾವ್‌ಲಿನ್‌ಗೆ ಒಂದೊಂದಾಗಿ ಬೆಳಕಾಯಿತು. ಎತ್ತಿಕೊಳ್ಳದ ಟೋಪಿ, ಸೊಂಟದ ಮೇಲಿನ ಕೈ, ಎರಡು ಸಲ ಕುದಿಸುವ ಲೆಕ್ಕ, ಗಿಡ್ಡಗಿಡ್ಡ ಹುಟ್ಟು, ಪಂಡಿತನ ನಿಟ್ಟುಸಿರು. ಬೆಳಕಾಗುತ್ತಿದ್ದಂತೆಯೇ, ಪಾದದಿಂದ ಏನೋ ತಣ್ಣಗೆ ಹತ್ತಿಕೊಂಡು ಬಂದು ಅವನ ಸೊಂಟವನ್ನು ಗಕ್ಕನೆ ಹಿಡಿಯಿತು. ಹಂದಿ ಮತ್ತೆ ಹಂದಿಯಷ್ಟೇ ಭಾರವಾಯಿತು.

ಬಾವ್‌ಶಾನ್ ಭಾವನಿಗೆ ಆಸರೆ ಕೊಡುವವನಂತೆ ಓಡಿಬಂದ. ಎಷ್ಟೋ ದಿನಗಳ ಮೇಲೆ ಮೊದಲ ಸಲ, ಸರಾಗವಾಗಿ, ಪೂರ್ತಿ ಬಗ್ಗಿ ಹಂದಿಯ ಅಡಿಯಲ್ಲಿ ಮುಖ ತೂರಿಸಿದ.

"ಭಾವ," ಎಂದು ಪಿಸುಗುಟ್ಟಿದ, "ಕಾಲಿಗೆ ಬೀಳ್ತೀನಿ. ನಿಮ್ಮ ಹಂದೀನ ಇವತ್ತೊಂದು ದಿನ ಕೊಡಿ."

"ಯಾವುದು?"

"ಬದುಕಿರೋದು."

ಇಲ್ಲವೆಂದರೆ ಗೆಲುವು ಮೈಲಿಗೆ, ಬಹುಮಾನ ವಾಪಸು, ಕೂಗಿದ ಹೆಸರೂ ವಾಪಸು. ಮಾವ್‌ಲಿನ್ ಹಂದಿಯ ಅಡಿಯಿಂದ ಇದ್ದಬದ್ದ ಉಸಿರು ಒಟ್ಟುಮಾಡಿದ.

"ಅದೂ ನಮ್ಮ ಹಂದಿದೇ ಅಜ್ಜಿ! ನಮ್ಮನೆ ಮಡಕೆ ಸಾಲಲಿಲ್ಲ ಅಂತ ಇವ್ರ ಮನೇಲಿ ಇನ್ನೊಂದು ಪೊಟ್ಟಣ ಕುದಿಸಿದ್ವಿ."

ಅಜ್ಜಿ ತಲೆಯಾಡಿಸಿದಳು. ಮೂರನೇ ಅಜ್ಜನ ಮುಖ ಮೆಲ್ಲಗೆ ತಿಳಿಯಾಯಿತು.

"ಹಾಗೋ! ಹಾಗಾದ್ರೆ ಈ ಮಡಕೆಯ ಕಷಾಯಾನೂ ಹಂದಿ ನಮ್ಮೆದುರೇ ಕುಡೀಲಿ. ಊರಿಗೆ ಗೆಲುವು ತಂದ ಹಂದಿ ಅದು. ಪಂಡಿತರೇ, ನಾಳೆಯಿಂದ ಅದಕ್ಕೆ ದಿನಾ ಒಂದು ಪೊಟ್ಟಣ, ಊರಿನ ಲೆಕ್ಕದಲ್ಲಿ. ಈ ಮದ್ದು ಅದಕ್ಕೇ ಮೀಸಲು, ಬೇರೆ ಯಾರಿಗೂ ಕೊಡಕೂಡದು."

ಬಾವ್‌ಶಾನನ ಹೆಂಡತಿ ಅಳುಮುಖ ಮಾಡಿಕೊಂಡು, ಗಂಡನಿಗೆಂದು ಬಸಿದಿಟ್ಟಿದ್ದ ಕಷಾಯದ ಬಟ್ಟಲು ತಂದಳು. ನಗಾರಿ ಮತ್ತೆ ಎದ್ದಿತು, ಪಟಾಕಿ ಸಿಡಿದವು, ಊರಿಗೆ ಊರೇ ಮಾವ್‌ಲಿನ್‌ನ ಹೆಸರು ಕೂಗುತ್ತ ಗುಡಿಯ ಕಡೆ ನಡೆಯಿತು. ಅವನು ಸುಟ್ಟ ಹಂದಿಯನ್ನು ಹೊತ್ತು, ತನ್ನ ಕಾಲ್ಬೆರಳುಗಳನ್ನೇ ನೋಡುತ್ತ, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟ. ದಾಲ್ಚಿನ್ನಿಯ ಘಮ ಗಾಳಿಯಲ್ಲಿ ತೇಲಿ ಹೋಯಿತೋ ಏನೋ, ಅವನ ಮನೆಯ ಹಿಂದಿನ ಗೂಡಿನಲ್ಲಿ ಹೆಣ್ಣುಹಂದಿ ಹಿಂಗಾಲ ಮೇಲೆ ಸೊಗಸಾಗಿ ಎದ್ದು ನಿಂತು, ಬೇಲಿಯ ಮೇಲಿಂದ ಮೂತಿ ಚಾಚಿ ಕಿರುಚಿತು. ಕೆಳ ಶಾತಾನ್‌ನಲ್ಲಿ ಅವತ್ತು ಅಷ್ಟು ನೆಟ್ಟಗಿದ್ದ ಸೊಂಟ ಇನ್ನೊಂದಿರಲಿಲ್ಲ.